ಅರಗು ಹಚ್ಚದ ಮುಖ

ಉಸಿರು ನಿಂತ ಕೂಡಲೇ ಮನಸ್ಸು ಹೊರಟುಬಿಡುವುದಿಲ್ಲ. ಪ್ರಯಾಣಕ್ಕೆ ಹೊರಟವರು ಹೊಸಿಲ ಮೇಲೆ ನಿಂತು ಒಂದು ಸಲ ಮನೆಯೊಳಗೆ ತಿರುಗಿ ನೋಡುತ್ತಾರಲ್ಲ, ಹಾಗೆ ಅದು ಸತ್ತವರ ಮುಖದ ಮೇಲೆ ಸ್ವಲ್ಪ ಹೊತ್ತು ಕೂತಿರುತ್ತದೆ. ದೇವರು ಕೊಟ್ಟ ಆ ಸ್ವಲ್ಪ ಹೊತ್ತಿನಲ್ಲೇ ಈ ಮನೆಯವರ ಕಸುಬು ನಡೆಯಬೇಕಾಗಿತ್ತು. ಮುಖಕ್ಕೆ ಎಣ್ಣೆ ಸವರಿ, ಅಂಟಿನಲ್ಲಿ ಅದ್ದಿದ ಹತ್ತಿಬಟ್ಟೆಯ ಪಟ್ಟಿಗಳನ್ನು ಮೂರು ಪದರ ಹೊದಿಸಿ, ಬಿಗಿಯಾದ ಮೇಲೆ ಮೆಲ್ಲಗೆ ಎತ್ತಿದರೆ ಮುಖವಾಡ ಬರುತ್ತಿತ್ತು. ಅದರ ಜೊತೆ ಮನಸ್ಸೂ ಬರುತ್ತಿತ್ತು. ತೊಟ್ಟವರ ಬಾಯಲ್ಲಿ ಸತ್ತವರು ಮಾತಾಡುತ್ತಿದ್ದರು.

ಬೀದಿಯವರಿಗೆ ಇದೇನು ಹೊಸದಲ್ಲ. ಮುಂಗೋಣೆಯಲ್ಲಿ ಎರಡು ಬೆಂಚು, ಒಂದು ನೀರಿನ ಹೂಜಿ. ಒಳಕೋಣೆಯ ಗೋಡೆಗೆ ಹಲಗೆ ಹೊಡೆದು, ಅದರ ಮೇಲೆ ನಲವತ್ತು ಮುಖಗಳು, ಒಂದೊಂದಕ್ಕೂ ಒಂದೊಂದು ಬಿಳಿ ಮುಸುಕು. ಗಡಿಯಾರ ರಿಪೇರಿಯವರು ವಾರಕ್ಕೊಮ್ಮೆ ಬಂದು ತೀರಿಕೊಂಡ ಹೆಂಡತಿಯ ಮುಖ ತೊಟ್ಟು ಕೂರುವರು. ಅವರ ಬಾಯಿಂದಲೇ ಅವರಿಗೆ ಬೀಳುವ ಬೈಗುಳ ಬೆಂಚಿನ ಮೇಲಿದ್ದವರಿಗೆಲ್ಲ ಕೇಳಿಸುತ್ತಿತ್ತು.

"ಅಲ್ಲ ಸ್ವಾಮಿ, ಬದುಕಿದ್ದಾಗ ಉಗಿಸಿಕೊಂಡದ್ದು ಸಾಲಲಿಲ್ವಾ ನಿಮಗೆ?" ಎಂದು ಯಾರಾದರೂ ಕೇಳಿದರೆ, ಬೆವರು ಒರೆಸಿಕೊಳ್ಳುತ್ತಾ, "ಏನ್ಮಾಡ್ಲಿ, ಹೋದ ವಾರ ನಾನು ಬಂದಿದ್ದೇ ಅವಳಿಗೆ ನೆನಪಿರಲ್ಲ. ಪ್ರತಿ ಸಲ ಹೊಸದಾಗಿ ಉಗೀತಾಳೆ. ಮನೆಗೆ ಹೋದ ಹಾಗಿರತ್ತೆ," ಅನ್ನುವರು.

ಅದು ನಿಜ. ಮುಖದೊಳಗಿನ ಮನಸ್ಸಿಗೆ ನಿನ್ನೆ ಎಂಬುದಿಲ್ಲ. ತೊಟ್ಟಾಗಲೆಲ್ಲ ಅದು ಅಂಟು ಬಿದ್ದ ಗಳಿಗೆಯಿಂದಲೇ ಎಚ್ಚರಾಗುತ್ತದೆ. ಉಸಿರಿನ ಕಷ್ಟವೆಲ್ಲ ಮುಗಿದ ಗಳಿಗೆ ಅದು. ಹಾಗಾಗಿ ಸತ್ತವರು ಸಮಾಧಾನದಲ್ಲೇ ಏಳುತ್ತಿದ್ದರು. ಬೈಯುವವರು ಕೂಡ ಸಮಾಧಾನವಾಗಿಯೇ ಬೈಯುತ್ತಿದ್ದರು.

ಈ ಕಸುಬನ್ನು ಅಪ್ಪ ಮಗಳಿಗೆ ಕಲಿಸಿದರು. ಸದಾ ಬೆರಳುಗಳಿಗೆ ಅಂಟು ಮೆತ್ತಿಕೊಂಡಿರುತ್ತಿದ್ದ ಆಕೆಯನ್ನು ಬೀದಿಯವರು ಅಂಟಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಕಾರಣ ಹೇಳಿ ಕಲಿಸುವವರಲ್ಲ. ಮೂಗಿನ ಹತ್ತಿರ ಕನ್ನಡಿ ಹಿಡಿದು ಉಸಿರು ನೋಡು, ಅಂದರೆ ನೋಡಬೇಕು. ಪಟ್ಟಿ ಹಾಕುವಾಗ ಹಣೆ ಮೊದಲು, ಆಮೇಲೆ ಕೆನ್ನೆ, ಗಲ್ಲ, ತುಟಿ, ಮೂಗು ಕೊನೆಗೆ, ಅಂದರೆ ಕೊನೆಗೆ. ಕೈ ಆಡುತ್ತಿರುವಷ್ಟು ಹೊತ್ತೂ ಬಾಯಲ್ಲಿ ದೇವರ ನಾಮ ಇರಬೇಕು. ಅಂಟಿನ ಪಾತ್ರೆ ಹೊರಗಿನ ಒಲೆಯ ಮೇಲೇ ಇರಬೇಕು, ಸತ್ತವರ ಕೋಣೆಗೆ ತರಬಾರದು. ಮಾಡಿದ ಕೈಯವರು ತಾವು ಮಾಡಿದ ಮುಖವನ್ನು ತೊಡಬಾರದು.

"ಯಾಕಪ್ಪ?" ಎಂದು ಚಿಕ್ಕಂದಿನಲ್ಲಿ ಕೇಳಿದ್ದಳು.

"ಯಾಕೆ ಅಂತ ಕೇಳೋರಿಗೆ ಅಂಟು ಕೈಯಲ್ಲೇ ಗಟ್ಟಿಯಾಗತ್ತೆ. ಕಲಸು."

ಆಮೇಲೆ ಅವಳು ಕೇಳಲಿಲ್ಲ.

ಚಳಿಗಾಲದಲ್ಲಿ ಅಪ್ಪ ಎದೆಗಟ್ಟಿ ಮಲಗಿದರು. ತಮ್ಮ ವ್ಯಾನು ಓಡಿಸುವವನು, ಸರಕು ಇಳಿಸಲು ದೂರದೂರಿಗೆ ಹೋಗಿದ್ದ. ತಮ್ಮನ ಹೆಂಡತಿ ಬೇಕರಿಯಲ್ಲಿ ಹಿಟ್ಟು ನಾದುವವಳು, ಬೆಳಗಾಗುವ ಮೊದಲೇ ಕೆಲಸಕ್ಕೆ ಹೋಗಿದ್ದಳು. ಬೆಳಗಿನ ಏಳರ ಹೊತ್ತಿಗೆ ಅಪ್ಪನ ಎದೆಯ ಗೊರಗೊರ ನಿಂತಿತು. ಅಂಟಕ್ಕ ಒಬ್ಬಳೇ ಇದ್ದಳು.

ಅಳುವುದಕ್ಕೆ ಆಮೇಲೆ ಸಮಯವಿದೆ, ಅಂಟಿಗೆ ಇಲ್ಲ. ಅವಳು ಪಾತ್ರೆಯನ್ನು ಹೊರಗಿನ ಒಲೆಯ ಮೇಲಿಟ್ಟು ಕುದಿಸಿದಳು. ಆದರೆ ಆ ಚಳಿಯಲ್ಲಿ ಎಂಟು ಹೆಜ್ಜೆ ತರುವಷ್ಟರಲ್ಲಿ ಪಟ್ಟಿ ಬಿರುಸಾಗುತ್ತಿತ್ತು. ಎರಡು ಪಟ್ಟಿ ಹಾಳಾದವು. ಅಪ್ಪನ ಮುಖ ಕೆಟ್ಟರೆ ಇನ್ನೊಬ್ಬ ಅಪ್ಪನನ್ನು ಎಲ್ಲಿಂದ ತರುವುದು? ಅವಳು ಇದ್ದಿಲಿನ ಒಲೆಯನ್ನೇ ಎತ್ತಿ ತಂದು ಮಂಚದ ಪಕ್ಕ ಇಟ್ಟುಕೊಂಡಳು. ಪಾತ್ರೆಯಿಂದ ಹೊಗೆಯಾಡುವಂತೆ ಹಬೆ ಏಳುತ್ತಿತ್ತು.

ಕೊನೆಯ ಸಲ ಕನ್ನಡಿ ಹಿಡಿದಳು. ಕನ್ನಡಿ ಮಂಜಾಯಿತು.

ಒರೆಸಿ ಮತ್ತೆ ಹಿಡಿದಳು. ಮತ್ತೆ ಮಂಜಾಯಿತು. ತಲೆ ಎತ್ತಿ ನೋಡಿದರೆ ಕಿಟಕಿಯ ಗಾಜೂ ಮಂಜಾಗಿತ್ತು, ಗೋಡೆಯ ಮೇಲಿನ ಪಟದ ಗಾಜೂ ಮಂಜಾಗಿತ್ತು. ಹಬೆ, ಅಂದುಕೊಂಡಳು. ದೇವರ ನಾಮ ಹೇಳುತ್ತಾ ಹಣೆಯ ಮೇಲೆ ಮೊದಲ ಪಟ್ಟಿ ಇಟ್ಟಳು.

ಅಂಟು ಬಿಗಿದ ಮೇಲೆ ಮುಖ ಎತ್ತಿ ಒಳಮಗ್ಗುಲು ತಿರುಗಿಸಿ ಬೆಳಕಿಗೆ ಹಿಡಿದಳು. ಎಲ್ಲರ ಮುಖದಲ್ಲೂ ತುಟಿಯ ಜಾಗ ಸಪಾಟಾಗಿರುತ್ತದೆ. ಅಪ್ಪನದರಲ್ಲಿ ಅಲ್ಲಿ ಬಟ್ಟೆ ಒಳಕ್ಕೆ ಹೋಗಿ, ಹೆಬ್ಬೆರಳಿನ ತುದಿಯಷ್ಟು ದೊಡ್ಡ ಉಬ್ಬು ಆಗಿತ್ತು. ಬಾಯಿ ತೆರೆದು ಯಾರೋ ಬಲವಾಗಿ ಎಳೆದುಕೊಂಡ ಹಾಗೆ.

ದವಡೆ ಬಿದ್ದಿರಬೇಕು, ಎಂದು ತನಗೆ ತಾನೇ ಹೇಳಿಕೊಂಡಳು. ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೂ ಹೇಳಿಕೊಂಡಳು. ಆ ಒಂದು ತಿಂಗಳು, ಮುಖ ನೆರಳಿನಲ್ಲಿ ಒಣಗುತ್ತಿದ್ದಷ್ಟು ದಿನವೂ, ಅನ್ನದ ತುತ್ತು ಎತ್ತುವಾಗ, ಬಾಗಿಲ ಚಿಲಕ ಹಾಕುವಾಗ, ಹೇಳಿಕೊಳ್ಳುತ್ತಲೇ ಇದ್ದಳು. ಯಾರಿಗೂ ಬಾಯಿ ಬಿಡಲಿಲ್ಲ. ಒಳಕೋಣೆಗೆ ಹೋಗಬೇಕಾದರೆ ಆ ಮೂಲೆಗೆ ಬೆನ್ನು ಮಾಡಿಕೊಂಡು ಹೋಗುತ್ತಿದ್ದಳು. ಒಂದೇ ಮಾತು ಅವಳನ್ನು ಕೊರೆಯುತ್ತಿತ್ತು: ಆ ಮಂಜು ಯಾವುದರದು?

ಒಣಗಿದ ಮುಖವನ್ನು ಮನೆಯವರಲ್ಲಿ ಒಬ್ಬರು ಒಂದು ಸಲ ತೊಟ್ಟು, ಮಾತಾಡಿಸಿ, "ನಮ್ಮವರೇ ಹೌದು" ಅನ್ನಬೇಕು. ಆಮೇಲೆ ಅರಗು ಹಚ್ಚುವುದು. ಅರಗು ಬಿದ್ದರೆ ಮುಖಕ್ಕೆ ನೀರಿನ ಭಯವಿಲ್ಲ. ಅಲ್ಲಿಯವರೆಗೆ ನೀರು ತಾಗಿದರೆ ಕರಗಿಹೋಗುತ್ತದೆ.

"ನಾನೇ ತೊಡ್ತೀನಿ," ಎಂದ ತಮ್ಮ. "ಹೋಗೋ ಹೊತ್ತಿಗೆ ನಾನಿರಲಿಲ್ಲ. ಒಂದು ಮಾತಾದ್ರೂ ಆಡ್ಬೇಕು ಅಕ್ಕ."

"ಇನ್ನೊಂದೆರಡು ದಿನ ಒಣಗಲಿ ಕಣೋ."

"ಕಲ್ಲಿನ ಹಾಗೆ ಆಗಿದೆ. ಇನ್ನೇನು ಒಣಗೋದು?"

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಅವನು ಕಾಲು ಮಡಚಿ ಕೂತು, ಕೈಮುಗಿದು, ಮುಖ ತೊಟ್ಟ. ಹೆಂಡತಿ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ಅಂಟಕ್ಕ ಗೋಡೆಗೆ ಒರಗಿದ್ದಳು.

ಮಾತು ಬರಲಿಲ್ಲ. ತಮ್ಮನ ಭುಜ ಮೇಲೇರಿತು. ಅವನ ಕಿರುಬೆರಳು ನೆಲದ ಮೇಲೆ ತಟತಟ ಬಡಿಯತೊಡಗಿತು, ಕಿರುಬೆರಳೊಂದೇ, ಉಳಿದ ಕೈ ಕಟ್ಟಿಹಾಕಿದಂತೆ ಅಲುಗದೆ. ಆಮೇಲೆ ಅವನು ಎರಡೂ ಕೈಯಿಂದ ಮುಖವನ್ನು ಕಿತ್ತು ಮಡಿಲಿಗೆ ಎಸೆದು, ನೀರಿನಿಂದ ಎದ್ದವನ ಹಾಗೆ ಗಾಳಿ ಎಳೆದುಕೊಂಡ.

"ರೀ! ಏನಾಯ್ತು ರೀ? ಮಾವ ಏನಂದ್ರು?"

"ಕತ್ತಲು," ಅಂದ. "ಬಾಯಿಗೆ ಏನೋ ಮೆತ್ತುತಾ ಇದಾರೆ. ಅಪ್ಪ ಕೂಗ್ತಾ ಇದಾರೆ, ಶಬ್ದ ಬರ್ತಾ ಇಲ್ಲ." ಅವನು ಅಕ್ಕನ ಕಡೆ ತಿರುಗಿದ. "ಹೊರಗೆ ನೀನು ದೇವರ ನಾಮ ಹೇಳ್ತಾ ಇದೀಯ ಅಕ್ಕ. ಅಪ್ಪನಿಗೆ ಕೇಳಿಸ್ತಾ ಇದೆ."

ಅಂಟಕ್ಕ ಕನ್ನಡಿಯ ಮಾತು ಹೇಳಿದಳು. ಒಲೆ ಒಳಗೆ ತಂದದ್ದು, ಎರಡು ಸಲ ಮಂಜಾದದ್ದು, ಕಿಟಕಿಯ ಗಾಜು, ಎಲ್ಲ ಹೇಳಿದಳು. ಹೇಳಿ ಮುಗಿಸಿದಾಗ ಪಾತ್ರೆಯನ್ನು ಯಾಕೆ ಒಳಗೆ ತರಬಾರದು ಎಂಬುದು ಅವಳಿಗೆ ಮೊದಲ ಸಲ ಗೊತ್ತಾಯಿತು.

ತಮ್ಮ ಎದ್ದು ಹೋಗಿ ವ್ಯಾನಿನಲ್ಲಿ ಕೂತ. ಗಾಡಿ ಚಾಲೂ ಮಾಡಲಿಲ್ಲ, ಸುಮ್ಮನೆ ಸ್ಟಿಯರಿಂಗ್ ಹಿಡಿದು ಕೂತ. ಸಂಜೆ ಒಳಗೆ ಬಂದು ಗೋಡೆಗೆ ಹೇಳುವವನಂತೆ, "ಅದನ್ನ ಸುಟ್ಟುಬಿಡಿ," ಎಂದ.

"ಸುಟ್ಟರೆ ಅಪ್ಪ ಎಲ್ಲಿಗೆ ಹೋಗ್ತಾರೆ?" ಎಂದಳು ಅಂಟಕ್ಕ.

ಅವನಿಗೆ ಅರ್ಥವಾಗಲಿಲ್ಲ. ಅವಳಿಗೆ ಆಗಿತ್ತು. ಹಿಂದೆ ಒಮ್ಮೆ ಮೇಷ್ಟರೊಬ್ಬರ ತಾಯಿಯ ಮುಖ, ಇನ್ನೂ ಅರಗು ಹಚ್ಚಿರಲಿಲ್ಲ, ತೊಟ್ಟಿದ್ದ ಮಗನ ಕಣ್ಣೀರಿಗೇ ನೆನೆದು ಕರಗಿಹೋಗಿತ್ತು. "ಬರ್ತೀನಿ ಕಂದ, ಊಟ ಮಾಡು," ಎಂದು ನಗುತ್ತಲೇ ಆ ತಾಯಿ ಹೊರಟಿದ್ದಳು. ಆಗ ಅಪ್ಪ ಹೇಳಿದ್ದರು, ಮುಖ ಹಾಳಾಗೋ ಹೊತ್ತಲ್ಲಿ ಯಾವ ಮನಸ್ಸಲ್ಲಿ ಇರ್ತಾರೋ ಆ ಮನಸ್ಸಲ್ಲೇ ಹೋಗ್ತಾರೆ, ಅಂತ. ಈಗ ಸುಟ್ಟರೆ ಅಪ್ಪ ಹೋಗುವುದು ಆ ಕತ್ತಲೆಯಲ್ಲೇ, ಆ ಕೂಗಿನಲ್ಲೇ. ಅದರಾಚೆ ಅವರನ್ನು ಕರೆದುಕೊಂಡು ಹೋಗಬೇಕು. ಉಸಿರಿನ ಕಷ್ಟ ಪೂರ್ತಿ ಮುಗಿದು ಹೊಸಿಲು ಸಿಗುವವರೆಗೂ ಯಾರಾದರೂ ಅವರ ಜೊತೆ ಒಳಗಿರಬೇಕು. ಅಲ್ಲಿ, ಆ ಸಮಾಧಾನದಲ್ಲಿ, ನೀರು ಬೀಳಬೇಕು.

ತಮ್ಮನಿಗೆ ಹತ್ತು ಉಸಿರಿನಷ್ಟು ಹೊತ್ತೂ ಇರಲು ಆಗಿರಲಿಲ್ಲ.

ಮಾರನೆಯ ದಿನ ಅವನು ಹೊರಗೆ ವ್ಯಾನು ತೊಳೆಯುತ್ತಿದ್ದಾಗ ಅವಳು ತಮ್ಮನ ಹೆಂಡತಿಯನ್ನು ಒಳಕೋಣೆಗೆ ಕರೆದಳು.

"ನಿನ್ನ ತೋಳಿನ ಬಲ ಬೇಕು ಕಣೆ. ನನ್ನ ಎರಡು ಕೈ ಹಿಂದಕ್ಕೆ ಹಿಡ್ಕೋ. ನಾನು ಎಷ್ಟು ಕೊಸರಾಡಿದರೂ ಬಿಡಬೇಡ."

"ನಾನು ಹಿಟ್ಟು ನಾದೋಳು ಅತ್ತಿಗೆ, ಮನುಷ್ಯರನ್ನ ಕಟ್ಟಿಹಾಕೋಳಲ್ಲ. ಅಲ್ಲದೆ ಮಾಡಿದ ಕೈ ತೊಡಬಾರದು ಅಂತ ಮಾವ..."

"ಮಾವನ ಮಾತು ಒಂದು ಮೀರಿ ಆಗಿದೆ. ಇನ್ನೊಂದು ಮೀರದೆ ಅದು ಸರಿಹೋಗಲ್ಲ."

"ನಿಮಗೇನಾದ್ರೂ ಆದ್ರೆ? ನಿಮ್ಮ ತಮ್ಮ ನನ್ನ ಮೈ ಮೇಲೆ ವ್ಯಾನು ಹತ್ತಿಸ್ತಾರೆ."

"ಉಗುರು ನೋಡ್ತಾ ಇರು. ನೀಲಿಗಟ್ಟಿದರೆ ಕಿತ್ತುಹಾಕು. ಅಷ್ಟರೊಳಗೆ ಅಪ್ಪನ ಮಾತು ಕೇಳಿಸಿದರೆ ಈ ಚೊಂಬಿನ ನೀರು ಪೂರ್ತಿ ಮುಖದ ಮೇಲೆ ಸುರಿ. ಪೂರ್ತಿ."

"ಎರಡು ಕೈಯಲ್ಲಿ ನಿಮ್ಮನ್ನ ಹಿಡಿದ್ರೆ ಚೊಂಬು ಎತ್ತೋಕೆ ಮೂರನೇ ಕೈ ಎಲ್ಲಿಂದ ತರ್ಲಿ?"

ಅದನ್ನು ಅಂಟಕ್ಕ ಯೋಚಿಸಿರಲಿಲ್ಲ. ಯೋಚಿಸುತ್ತ ಕೂತರೆ ಧೈರ್ಯ ಹೋಗಿಬಿಡುತ್ತದೆ ಎಂದು ಗೊತ್ತಿತ್ತು. "ಆಗ ಬಿಡು," ಎಂದಷ್ಟೇ ಹೇಳಿ, ದೇವರನ್ನು ನೆನೆದು, ಮುಖ ತೊಟ್ಟಳು.

ಮೊದಲು ತಾಗಿದ್ದು ಆ ಉಬ್ಬು. ಅದು ಅವಳ ತುಟಿಗಳ ನಡುವೆ ಬೆರಳಿನ ಹಾಗೆ ಬಂದು ಕೂತಿತು.

ಆಮೇಲೆ ಹಗಲು ಹೋಯಿತು. ಹಣೆಯ ಮೇಲೆ ಬಿಸಿ. ಹತ್ತಿರದಲ್ಲೇ ಇದ್ದಿಲು ಚಟಚಟ ಅನ್ನುತ್ತಿತ್ತು. ಮೇಲಿನಿಂದ ಒಂದು ಹೆಂಗಸಿನ ದನಿ, ಅಳು ನುಂಗಿಕೊಂಡು, "ಸ್ವಲ್ಪ ಬಿಸಿ ಇದೆ ಅಪ್ಪ, ತಡ್ಕೊಳ್ಳಿ, ಬೇಗ ಮುಗಿಸ್ತೀನಿ," ಎಂದಿತು. ಅದು ತನ್ನದೇ ದನಿ ಎಂದು ತಿಳಿದಾಗ ಅಂಟಕ್ಕನಿಗೆ ಓಡಿಹೋಗಬೇಕೆನ್ನಿಸಿತು. ಓಡಲು ಕಾಲಿರಲಿಲ್ಲ. ಅಪ್ಪನ ಕಾಲು ಯಾವಾಗಲೋ ಕಲ್ಲಾಗಿತ್ತು. ಕೈ ಇರಲಿಲ್ಲ. ಒಂದು ಕಿರುಬೆರಳಿತ್ತು. ಅಪ್ಪ ಇದ್ದಬದ್ದ ಜೀವವನ್ನೆಲ್ಲ ಆ ಬೆರಳಿಗೆ ತಂದು ಅಲುಗಿಸುತ್ತಿದ್ದರು. ಇಲ್ಲಿ ನೋಡು ಮಗಳೇ. ಕೆಳಗೆ ನೋಡು. ಕೈ ನೋಡು. ಕಂಬಳಿಯ ಕೆಳಗೆ ಅದು ಅಲುಗುತ್ತಿತ್ತು. ಯಾರಿಗೂ ಕಾಣುತ್ತಿರಲಿಲ್ಲ.

ಕೆನ್ನೆಯ ಮೇಲೆ ಬಿಸಿ. ಇನ್ನೊಂದು ಕೆನ್ನೆ.

ಬೇರೆ ಯಾವ ಮನುಷ್ಯನಿಗಾದರೂ ಮುಂದೇನು ಎಂದು ಗೊತ್ತಾಗುತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಅವರೇ ಕಲಿಸಿದ ಕ್ರಮ. ಗಲ್ಲ ಆಯಿತು. ಇನ್ನು ತುಟಿಗೆ ಎರಡು, ಮೂಗಿಗೆ ಒಂದು. ಮಗಳು ಒಂದನ್ನೂ ತಪ್ಪಿಸುವವಳಲ್ಲ, ಅಷ್ಟು ಚೆನ್ನಾಗಿ ಕಲಿಸಿದ್ದರು. ಪಟ್ಟಿಯನ್ನು ಪಾತ್ರೆಗೆ ಅದ್ದುವ ಸದ್ದು, ಅಂಚಿಗೆ ಒರೆಸಿ ಹೆಚ್ಚಿನ ಅಂಟು ತೆಗೆಯುವ ಸದ್ದು. ದೇವರ ನಾಮ. ತುಟಿಗೆ ಬಿತ್ತು. ಅಪ್ಪ ಎಳೆದ ಉಸಿರಿಗೆ ಬಟ್ಟೆ ಒಳಗೆ ಬಂತು. ಇನ್ನೊಂದು.

ಅಂಟಕ್ಕ ಕೊಸರಾಡುತ್ತಿದ್ದಳು. ಅವಳ ಕೈಗಳು ಎಲ್ಲೋ ದೂರದಲ್ಲಿ, ಗಟ್ಟಿಯಾದ ಎರಡು ಮುಷ್ಟಿಗಳ ನಡುವೆ ಸಿಕ್ಕಿಕೊಂಡಿದ್ದವು. ಮೇಲಿನಿಂದ ಬರುತ್ತಿದ್ದ ಆ ಕೈಯನ್ನು ಕಚ್ಚಬೇಕು, ತಳ್ಳಬೇಕು. ಅದು ಅವಳದೇ ಕೈ. ಅದರಲ್ಲಿ ಕೊನೆಯ ಪಟ್ಟಿಯಿತ್ತು.

ಮೂಗಿನ ಮೇಲೆ ಬಿಸಿಯಾಗಿ ಅದು ಕೂತಿತು.

ಆಮೇಲಿನದನ್ನು ಅವಳು ಯಾರಿಗೂ ಯಾವತ್ತೂ ಹೇಳಲಿಲ್ಲ. ಎಷ್ಟು ಹೊತ್ತು ಎಂದು ಅವಳಿಗೆ ತಿಳಿಯದು. ಅಪ್ಪ ಮತ್ತು ಅವಳು ಒಂದೇ ಬಾಯಿಂದ ಒಂದೇ ಗಾಳಿಗಾಗಿ ಒದ್ದಾಡಿದರು. ಎದೆಯಲ್ಲಿ ಬೆಂಕಿ ಬಿತ್ತು. ದೇವರನ್ನು ಕರೆಯೋಣವೆಂದರೆ ಹೆಸರೇ ಮರೆತುಹೋಯಿತು. ಹೊರಗಿನ ಹೆಂಗಸು ಮಾತ್ರ ಹೇಳುತ್ತಲೇ ಇದ್ದಳು.

ಕೊನೆಗೆ ಎಲ್ಲ ನಿಂತಿತು.

"ಯಾರು?" ಎಂದಿತು ಅಂಟಕ್ಕನ ಬಾಯಿ, ಗಡಸು ದನಿಯಲ್ಲಿ.

"ನಾನೇ ಅಪ್ಪ," ಎಂದಿತು ಅದೇ ಬಾಯಿ, ತೆಳ್ಳಗೆ.

"ಮಾಡಿದ್ದು ನೀನೇ, ತೊಟ್ಟಿದ್ದೂ ನೀನೇನಾ? ಎಷ್ಟು ಸಲ ಬಡ್ಕೊಂಡಿದೀನಿ ನಿಂಗೆ."

"ನಿಮಗೆ ಉಸಿರಿತ್ತು ಅಪ್ಪ."

"ಇತ್ತು."

"ಹೆದರಿಕೆ ಆಯ್ತಾ?"

ತಮ್ಮನ ಹೆಂಡತಿ ಹಿಡಿತ ಬಿಡುವುದನ್ನೇ ಮರೆತು ಬಾಯಿ ತೆರೆದು ನಿಂತಿದ್ದಳು.

"ಆಯ್ತಮ್ಮ. ತುಂಬಾ ಆಯ್ತು. ಇಷ್ಟು ಜನರನ್ನ ಕಳಿಸಿಕೊಟ್ಟವನು ನಾನು, ನಂಗೆ ಆಗಲ್ಲ ಅಂದ್ಕೊಂಡಿದ್ದೆ. ದೇವರ ಹೆಸರೂ ನೆನಪಾಗಲಿಲ್ಲ. ನೀನು ಹೊರಗೆ ಹೇಳ್ತಾ ಇದ್ದೆ ನೋಡು, ಅದನ್ನೇ ಹಿಡ್ಕೊಂಡು ಬಂದೆ." ಮತ್ತೆ, "ಪಾತ್ರೆ ಒಳಗೆ ತಂದ್ಯಾ?"

"ತಂದೆ."

"ಯಾಕೆ ತರಬಾರದು ಅಂತ ನಾನು ಹೇಳಿರಲಿಲ್ಲ, ಅಲ್ವಾ?"

"ಇಲ್ಲ ಅಪ್ಪ."

"ಹೂಂ," ಎಂದರು ಅಪ್ಪ. ಕೆಲಸ ಕೆಟ್ಟಾಗ, ತಪ್ಪು ಇಬ್ಬರದೂ ಆಗಿದ್ದಾಗ ಅನ್ನುವ ಹೂಂ ಅದು. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ದನಿ ಬದಲಾಯಿತು. "ಮಗಳೇ. ಹಣೆ ಬಿಸಿಯಾಗ್ತಾ ಇದೆ. ಮತ್ತೆ ಶುರುವಾಗ್ತಾ ಇದೆ. ಇದು ಇಲ್ಲಿ ನಿಲ್ಲಲ್ಲ."

"ನೀರು!" ಎಂದು ಅಂಟಕ್ಕ ಕೂಗಿದಳು.

ತಮ್ಮನ ಹೆಂಡತಿ ಕೈ ಬಿಟ್ಟಳು. ಬಿಟ್ಟ ಕೂಡಲೇ ಅಂಟಕ್ಕನ ಕೈಗಳು ತಾವಾಗಿಯೇ ಮುಖ ಕೀಳಲು ಹಾರಿದವು. ಈಗ ಕಿತ್ತರೆ ಎಲ್ಲ ಮೊದಲಿನಿಂದ. ತಮ್ಮನ ಹೆಂಡತಿ ಆ ಕೈಗಳನ್ನು ಮತ್ತೆ ಹಿಡಿದುಕೊಂಡು, "ರೀ, ಬನ್ರೀ! ಬೇಗ ಬನ್ರೀ!" ಎಂದು ಕಿರುಚಿದಳು. ಬಾಗಿಲು ಬಡಿದ ಸದ್ದು. ತಮ್ಮ ಒದ್ದೆ ಕಾಲಲ್ಲಿ ಓಡಿಬಂದು ನಿಂತ.

"ಬಂದ್ಯಾ," ಎಂದರು ಅಪ್ಪ, ಅಕ್ಕನ ಬಾಯಲ್ಲಿ. "ವ್ಯಾನಿಗೆ ಬ್ರೇಕು ಸರಿ ಮಾಡಿಸಿದ್ಯೇನೋ?"

"ಮಾಡಿಸಿದೆ ಅಪ್ಪ."

"ಸುರಿ ಹಾಗಾದ್ರೆ. ತಡ ಮಾಡಬೇಡ."

ಅವನು ಚೊಂಬು ಎತ್ತಿ ಸುರಿದ. ಅವಳು ಕೊಸರಿದ್ದಕ್ಕೆ ಅರ್ಧ ನೆಲಕ್ಕೆ ಚೆಲ್ಲಿತು. ಹೊರಗೆ ವ್ಯಾನು ತೊಳೆಯಲು ತುಂಬಿಸಿದ್ದ ಬಕೆಟ್ಟನ್ನೇ ತಂದು ಪೂರ್ತಿ ಸುರಿದ.

ಬಟ್ಟೆ ನೆನೆದು ಮೆತ್ತಗಾಗಿ ಅವಳ ಮುಖಕ್ಕೆ ಅಂಟಿಕೊಂಡಿತು, ಮೂಗಿಗೆ, ಬಾಯಿಗೆ. ಒಳಗೆ ಯಾರೋ ಮೆಲ್ಲಗೆ ಎದ್ದು ನಿಂತಂತಾಯಿತು. ಇಷ್ಟು ಹೊತ್ತೂ ಅವಳ ಎದೆಯೊಳಗೆ ಇಬ್ಬರ ಹೆದರಿಕೆ ಒಟ್ಟಿಗೆ ಬಡಿಯುತ್ತಿತ್ತು. ಅದರಲ್ಲಿ ಒಂದು ನಿಂತಿತು. ಉಳಿದದ್ದು ಅವಳೊಬ್ಬಳದೇ. ಅವಳಿಗೆ ಉಸಿರು ಸಿಗುತ್ತಿರಲಿಲ್ಲ.

ತಮ್ಮ ಮಂಡಿಯೂರಿ ಕೂತು ಒದ್ದೆ ಪಟ್ಟಿಗಳನ್ನು ಕೈಗೆ ಸಿಕ್ಕಷ್ಟು ಕಿತ್ತು ಎಳೆದ. ಬೆಳಕು ಬಂತು. ಅಂಟಕ್ಕ ನೆಲಕ್ಕೆ ಬಾಗಿ ಕೆಮ್ಮಿದಳು, ಅಂಟಿನ ನೀರು ಕಾರಿದಳು, ಮತ್ತೆ ಕೆಮ್ಮಿದಳು. ಅವಳ ಉಗುರುಗಳು ನೀಲಿಗಟ್ಟಿದ್ದವು.

"ನಾನು ಉಗುರು ನೋಡೋದನ್ನೇ ಮರೆತೆ," ಎಂದು ತಮ್ಮನ ಹೆಂಡತಿ ಅಳತೊಡಗಿದಳು. "ಅತ್ತಿಗೆ, ದೇವರಾಣೆ, ಮರೆತೇಬಿಟ್ಟೆ."

ತಮ್ಮ ಕೈಯಲ್ಲಿದ್ದ ಬಟ್ಟೆಯ ಮುದ್ದೆಯನ್ನೇ ನೋಡುತ್ತಿದ್ದ. ಅದರಲ್ಲಿ ಮೂಗು, ತುಟಿ ಏನೂ ಉಳಿದಿರಲಿಲ್ಲ. "ಹೋದ್ರಾ?" ಎಂದ.

"ಹೋದ್ರು."

"ಹೆದರ್ಕೊಂಡಾ?"

"ಇಲ್ಲ ಕಣೋ. ಇಲ್ಲ."

ಅವನು ಅವಳ ಮುಖವನ್ನು ದಿಟ್ಟಿಸಿದ, ಸುಳ್ಳೋ ನಿಜವೋ ಎಂದು ಹುಡುಕುವವನಂತೆ. ಸಿಕ್ಕಿತೇನೋ. ಮುದ್ದೆಯನ್ನು ನೆಲಕ್ಕಿಟ್ಟು, ತನ್ನ ಅಂಗಿಯ ತೋಳಿನಿಂದ ಅವಳ ಹುಬ್ಬಿನ ಮೇಲಿನ ಅಂಟು ಒರೆಸಿದ. ಅವನ ಕೈ ಮೂಗಿನ ಹತ್ತಿರ ಬಂದ ಕೂಡಲೇ ಅಂಟಕ್ಕ ಕಿರುಚಿ ಹಿಂದಕ್ಕೆ ಸರಿದಳು. ಅವನೂ ಬೆಚ್ಚಿ ಕೈ ತೆಗೆದ.

"ಸರಿ ಸರಿ. ಮುಟ್ಟಲ್ಲ," ಎಂದ. "ನೀನೇ ಒರೆಸ್ಕೋ ಅಕ್ಕ. ನಾನು ಇಲ್ಲೇ ಕೂತಿರ್ತೀನಿ."